ಚಿಲಕ ತೆಗೆದ ಬೆಕ್ಕು

ಅಂತರರಾಷ್ಟ್ರೀಯ ಸಂಬಂಧಗಳಲ್ಲಿ ಎಂ.ಎ. ಓದುತ್ತಿದ್ದ ಬೆಕ್ಕೊಂದಕ್ಕೆ, ಒಂದು ಯುದ್ಧವನ್ನಾದರೂ ಕಣ್ಣಾರೆ ಕಂಡು ಪ್ರಬಂಧ ಬರೆಯದಿದ್ದರೆ ಪದವಿ ಇಲ್ಲವೆಂದು ಪ್ರೊಫೆಸರ್ ಗೂಬೆ ಖಡಾಖಂಡಿತವಾಗಿ ಹೇಳಿಬಿಟ್ಟಿತು. ಬೆಕ್ಕು ಒಂದು ಮನೆಯ ಕಾಂಪೌಂಡ್ ಏರಿ ಕೂತಿತು. ಗೇಟಿನ ಒಳಗೆ ಸಾಕುನಾಯಿ, ಹೊರಗೆ ಬೀದಿನಾಯಿ.

"ಈ ಗೇಟೊಂದು ಇಲ್ಲದಿದ್ದರೆ ನಿನ್ನ ಚರ್ಮ ಸುಲಿಯುತ್ತಿದ್ದೆ ಕಣೋ!" ಎಂದು ಒಳಗಿನದು ಬೊಗಳಿತು.

"ಆ ಗೇಟಿಗೆ ಕೈಮುಗಿ, ಅದರಿಂದಲೇ ನೀನಿನ್ನೂ ಬದುಕಿದ್ದೀಯ!" ಎಂದಿತು ಹೊರಗಿನದು.

ಇನ್ನೇಕೆ ತಡವೆಂದು ಬೆಕ್ಕು ಚಿಲಕ ಸರಿಸಿತು. ಗೇಟು ತೆರೆದುಕೊಂಡಿತು. ಒಂದು ನಾಯಿ ಕಿವಿ ಕೆರೆದುಕೊಂಡಿತು, ಇನ್ನೊಂದು ಆಕಾಶ ನೋಡಿತು.

"ಶುರುಮಾಡಿ ಸ್ವಾಮಿ, ನನ್ನ ಪದವಿಯ ಪ್ರಶ್ನೆ!" ಎಂದು ಬೆಕ್ಕು ಗೋಗರೆಯಿತು.

ಎರಡೂ ಒಂದೇ ದನಿಯಲ್ಲಿ ಗದರಿದವು: "ಮೊದಲು ಗೇಟು ಹಾಕಮ್ಮಾ! ತೆರೆದಿಟ್ಟು ಯುದ್ಧ ಮಾಡಿದರೆ ಯಾರಿಗಾದರೂ ಪೆಟ್ಟಾಗುವುದಿಲ್ಲವೇ?"