ಹಲಗೆಯ ಹಿಂದಿನ ನೀರು

“ಗುರುಗಳೇ, ಅಣ್ಣನ ಮೇಲಿದ್ದ ಸಿಟ್ಟನ್ನೆಲ್ಲ ಬಿಟ್ಟಿದ್ದೇನೆ. ಅವನು ಆಡಿದ ಒಂದು ಮಾತು ಮಾತ್ರ ಮನಸ್ಸಿನಿಂದ ಹೋಗಿಲ್ಲ. ಅದನ್ನು ಯಾರಿಗೂ ತೋರಗೊಡುವುದಿಲ್ಲ. ಅಷ್ಟು ಉಳಿದರೆ ಏನು ಕೆಟ್ಟೀತು?” ಎಂದು ಶಾಂತವೀರ ಕೇಳಿದ.

ಗುರುಗಳು ಹೇಳಿದರು:

ಬೆಟ್ಟದ ಮೇಲಿನ ಒಂದು ಊರಿನಲ್ಲಿ ಒಬ್ಬ ಸೂಲಗಿತ್ತಿ ಇದ್ದಳು. ಆ ಊರಿಗೆ ಆಸ್ಪತ್ರೆ ದೂರ. ಅವಳು ತನ್ನ ಮನೆಯ ಒಂದು ಕೋಣೆಯನ್ನೇ ಹೆರಿಗೆಗೆ ಬಿಟ್ಟುಕೊಟ್ಟಿದ್ದಳು. ಕೋಣೆಯ ಗೋಡೆ ಕಲ್ಲಿನದು. ಚಳಿಗಾಲದಲ್ಲಿ ಮುಟ್ಟಿದರೆ ಕೈ ಕೊರೆಯುತ್ತಿತ್ತು. ಬಾಣಂತಿಯ ಸ್ನಾನಕ್ಕೆ ನೀರು ಕಾಯಿಸಿದರೆ ಹಬೆ ಆ ಗೋಡೆಗೆ ತಾಗಿ ನೀರಾಗಿ ಇಳಿಯುತ್ತಿತ್ತು. ಸೂಲಗಿತ್ತಿ ದಿನವೂ ಬಟ್ಟೆ ಹಿಡಿದು ಗೋಡೆ ಒರೆಸುತ್ತಿದ್ದಳು.

ಗೋಡೆ ಬೆಚ್ಚಗಾಗಲಿ ಎಂದು ಅವಳು ಒಬ್ಬ ಮೇಸ್ತ್ರಿಯನ್ನು ಕರೆಸಿದಳು. ಅವನು ಬೆನ್ನಿಗೆ ಚಳಿ ತಡೆಯುವ ದಪ್ಪ ಫೋಮ್ ಅಂಟಿಸಿದ ಜಿಪ್ಸಮ್ ಹಲಗೆಗಳನ್ನು ತಂದ. ಅವನ ಕೈ ಚುರುಕು. ಸಣ್ಣ ಹಲ್ಲಿನ ಗರಗಸದಿಂದ ಹಲಗೆ ಕೊಯ್ದು, ಅಂಚಿಗೆ ಅಂಚು ಒತ್ತಿ ಕೂರಿಸಿ, ಸಂದಿಗೆ ಫೋಮ್ ತುಂಬಿ, ಮೇಲೆ ಟೇಪು ಎಳೆಯುತ್ತಿದ್ದ.

ಕಿಟಕಿಯ ಪಕ್ಕದ ಕೊನೆಯ ಹಲಗೆ ಒಂದು ಬೆರಳಿನಷ್ಟು ಕಿರಿದಾಯಿತು. ಹೊತ್ತು ಇಳಿದಿತ್ತು, ತೋಳುಗಳು ಸೋತಿದ್ದವು. ಹೊಸ ಹಲಗೆ ಕೊಯ್ಯಬೇಕಿತ್ತು; ಇಲ್ಲವೇ ಆ ಸಂದನ್ನು ಆಳದವರೆಗೂ ತುಂಬಬೇಕಿತ್ತು. ಅವನು ಎರಡನ್ನೂ ಮಾಡಲಿಲ್ಲ. ಸಂದಿನ ಮೇಲೊಂದು ಮರದ ಪಟ್ಟಿ ಹೊಡೆದು ಬಣ್ಣ ಬಳಿದ. ಪಟ್ಟಿಯ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಉಳಿಯಿತು. ಗೋಡೆ ಚೆಂದ ಕಂಡಿತು.

ಆ ಚಳಿಗಾಲದಲ್ಲಿ ಕೋಣೆ ಬೆಚ್ಚಗಿತ್ತು. ಗೋಡೆಯ ಮೇಲೆ ಒಂದು ಹನಿಯೂ ಇರಲಿಲ್ಲ. ಈ ಕೋಣೆ ಬಿಟ್ಟು ಮನೆಗೆ ಹೋಗಲು ಮನಸ್ಸಿಲ್ಲ ಎಂದು ಬಾಣಂತಿಯರು ನಗುತ್ತಿದ್ದರು. ಮೇಸ್ತ್ರಿಯ ಹೆಸರು ಪಕ್ಕದ ಊರಿಗೂ ಹೋಯಿತು.

ಆಮೇಲೆ ಒಂದು ಕೂಸು ಕೆಮ್ಮತೊಡಗಿತು. ಇನ್ನೊಂದರ ಎದೆ ಗೊರಗೊರ ಎಂದಿತು. ಸೂಲಗಿತ್ತಿ ಹಾಸಿಗೆಯನ್ನು ಬಿಸಿಲಿಗೆ ಹಾಕಿದಳು. ಬಟ್ಟೆ ಕುದಿಸಿದಳು. ತಾಯಂದಿರ ಊಟ ಬದಲಿಸಿದಳು. ಕೆಮ್ಮು ನಿಲ್ಲಲಿಲ್ಲ. ಕೊನೆಗೆ ಒಂದು ಹೆಣ್ಣುಕೂಸು ಉಸಿರು ಸಿಕ್ಕದೆ ನೀಲಿಗಟ್ಟಿತು. ಅದರ ತಂದೆ ಕೂಸನ್ನು ಕಂಬಳಿಯಲ್ಲಿ ಸುತ್ತಿ ಬೆಟ್ಟದ ಕೆಳಗಿನ ಆಸ್ಪತ್ರೆಗೆ ಓಡಿದ. ಕೂಸು ಉಳಿಯಿತು. ಅದು ಬೂಷ್ಟು ಹಿಡಿದ ಗಾಳಿಯನ್ನು ಉಸಿರಾಡಿದೆ ಎಂದು ಅಲ್ಲಿನ ವೈದ್ಯರು ಹೇಳಿದರು. ಆ ಮಾತು ಕಿವಿಗೆ ಬಿದ್ದಾಗ ಸೂಲಗಿತ್ತಿಗೆ ಅನ್ನ ಸೇರಲಿಲ್ಲ. ಕೋಣೆಯ ಮೂಲೆ ಮೂಲೆ ಹುಡುಕಿದಳು. ಎಲ್ಲಿಯೂ ಬೂಷ್ಟು ಕಾಣಲಿಲ್ಲ.

ಅವಳು ಮೇಸ್ತ್ರಿಯನ್ನು ಕರೆಸಿ ನಡೆದುದನ್ನೆಲ್ಲ ಹೇಳಿದಳು. “ಹಲಗೆ ಬಿಚ್ಚಿ ನೋಡಬೇಕು, ಮೇಸ್ತ್ರಿ. ಎಲ್ಲಿಂದ ಶುರು ಮಾಡೋಣ?” ಎಂದಳು.

ಮೇಸ್ತ್ರಿ ಹುಡುಕಲಿಲ್ಲ. ನೇರವಾಗಿ ಕಿಟಕಿಯ ಬಳಿಗೆ ಹೋಗಿ ಆ ಮರದ ಪಟ್ಟಿಯ ಮೇಲೆ ಕೈ ಇಟ್ಟ.

ಅವಳು ಅವನ ಮುಖವನ್ನೇ ನೋಡಿದಳು. ಅವನು ತಲೆ ಎತ್ತದೆ ಪಟ್ಟಿ ಕಿತ್ತ, ಹಲಗೆ ಬಿಚ್ಚಿದ. ಹಿಂದಿನ ಕಲ್ಲು ಕಪ್ಪಗಾಗಿತ್ತು. ಹಬೆ ಆ ಬಿರುಕಿನಿಂದ ನುಸುಳಿ ಕಲ್ಲನ್ನು ಮುಟ್ಟಿ ನೀರಾಗಿತ್ತು. ಕೋಣೆಯ ಬಿಸಿ ತಾಗದ ಕಲ್ಲು ಮೊದಲಿಗಿಂತಲೂ ತಣ್ಣಗಿತ್ತು. ಅಲ್ಲಿಗೆ ಬಿಸಿಲು ಹೋಗುತ್ತಿರಲಿಲ್ಲ. ಒರೆಸುವ ಕೈಯೂ ಹೋಗುತ್ತಿರಲಿಲ್ಲ. ಬೂಷ್ಟು ಪಕ್ಕದ ಹಲಗೆಗಳ ಹಿಂದಕ್ಕೂ ಹಬ್ಬಿತ್ತು; ಅದರ ಗಾಳಿ ಅದೇ ಬಿರುಕಿನಿಂದ ಕೋಣೆಗೆ ಬರುತ್ತಿತ್ತು.

“ಅವ್ವಾ, ಈ ಸಂದನ್ನು ಇವತ್ತೇ ತುಂಬಿಬಿಡುತ್ತೇನೆ,” ಎಂದ ಮೇಸ್ತ್ರಿ.

“ಒದ್ದೆಯನ್ನು ಒಳಗಿಟ್ಟುಕೊಂಡೇ?” ಎಂದಳು ಸೂಲಗಿತ್ತಿ.

ಅವನು ಆ ಗೋಡೆಯ ಹಲಗೆಗಳನ್ನೆಲ್ಲ ಇಳಿಸಿದ. ಅವಳು ಬಾಣಂತಿಯರನ್ನು ಪಕ್ಕದ ಮನೆಗೆ ಕಳಿಸಿದಳು. ಇಬ್ಬರೂ ಸೇರಿ ಕಲ್ಲನ್ನು ಉಜ್ಜಿದರು. ಕಿಟಕಿ ತೆರೆದಿಟ್ಟು ಗೋಡೆ ಒಣಗುವವರೆಗೂ ಕಾದರು. ಹೊಸ ಹಲಗೆಗಳನ್ನು ಏಕೆ ಕಿತ್ತೆ ಎಂದು ದಾರಿಯಲ್ಲಿ ಹೋಗುವವರು ಕೇಳುತ್ತಿದ್ದರು. “ನಾನು ಒಂದು ಸಂದನ್ನು ಮುಚ್ಚಿಟ್ಟಿದ್ದೆ,” ಎಂದು ಅವನು ಕೇಳಿದವರಿಗೆಲ್ಲ ಹೇಳಿದ. ಮೊದಮೊದಲು ದನಿ ನಡುಗುತ್ತಿತ್ತು. ಬರಬರುತ್ತ ಸರಿಹೋಯಿತು.

ಆಮೇಲೆ ಹೊಸ ಹಲಗೆಗಳನ್ನು ಅಳತೆಗೆ ಸರಿಯಾಗಿ ಕೊಯ್ದು ಕೂರಿಸಿದ. ಕಿಟಕಿಯ ಸುತ್ತಲಿನ ಕಲ್ಲಿನ ಒಳಮಗ್ಗುಲಿಗೂ ತೆಳುವಾದ ಹಲಗೆ ಹೊದಿಸಿದ. ಪ್ರತಿ ಸಂದನ್ನೂ ಆಳದಿಂದ ತುಂಬಿದ. ಹಬೆಯನ್ನು ಹೊರಗೆ ತಳ್ಳಲು ಗೋಡೆಯ ಮೇಲ್ತುದಿಯಲ್ಲೊಂದು ಫ್ಯಾನು ಇಟ್ಟ. ಮುಂದಿನ ಚಳಿಗಾಲದಲ್ಲಿ ಆ ಕೋಣೆಯಲ್ಲಿ ಯಾವ ಕೂಸೂ ಕೆಮ್ಮಲಿಲ್ಲ. ಮಗಳನ್ನು ಕಂಬಳಿಯಲ್ಲಿ ಸುತ್ತಿಕೊಂಡು ಓಡಿದವನೇ ಎರಡನೆಯ ಹೆರಿಗೆಗೂ ಹೆಂಡತಿಯನ್ನು ಅಲ್ಲಿಗೇ ಕರೆತಂದ.

ಗುರುಗಳು ಕತೆ ನಿಲ್ಲಿಸಿದರು. ಶಾಂತವೀರನ ಮುಖ ಅರಳಿತು.

“ತಿಳಿಯಿತು ಗುರುಗಳೇ. ಅಣ್ಣನ ಆ ಒಂದು ಮಾತನ್ನೂ ಇವತ್ತೇ ಮರೆತುಬಿಡುತ್ತೇನೆ,” ಎಂದ.

“ಮರೆಯುವುದು ಆಮೇಲಿರಲಿ, ಮೊದಲು ಅಣ್ಣನ ಎದುರಿಗೆ ಕೂತು ಅದನ್ನು ಬಾಯಿಬಿಟ್ಟು ಹೇಳು,” ಎಂದರು ಗುರುಗಳು.