ಕೋಗಿಲೆಗಳ ಭದ್ರಗೂಡು

ಪ್ರಳಯ ಬರುತ್ತದೆಂಬ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಕೋಗಿಲೆಗಳು ಬಂಡೆಯ ಬಿರುಕಿನಲ್ಲಿ ಕಾಗೆಗಳಿಂದ ಭದ್ರವಾದ ಗೂಡು ಕಟ್ಟಿಸಿಕೊಂಡವು. ಕೆಲಸ ಮುಗಿದೊಡನೆ ಯಜಮಾನಿ ಕೋಗಿಲೆ, "ದೊಡ್ಡ ಉಪಕಾರವಾಯಿತು. ಇನ್ನು ಹೊರಡಿ, ಇಲ್ಲಿ ಇಂಪಾದ ಕಂಠವಿದ್ದವರಿಗಷ್ಟೇ ಜಾಗ," ಎಂದು ಕಾಗೆಗಳನ್ನು ಸಾಗಹಾಕಿದಳು.

ಬಿರುಗಾಳಿಗೆ ಕಾಡೇ ಉರುಳಿತು, ಗೂಡು ಮಿಸುಕಲಿಲ್ಲ. "ಇನ್ನು ಲೋಕವೆಲ್ಲ ನಮ್ಮ ಸಂತಾನದ್ದೇ," ಎಂದು ಬೀಗಿದ ಯಜಮಾನಿ ಮೊಟ್ಟೆಯಿಟ್ಟು, ವಾಡಿಕೆಯಂತೆ ಪಕ್ಕದವಳ ರೆಕ್ಕೆಯಡಿಗೆ ಮೆಲ್ಲಗೆ ತಳ್ಳಿದಳು. ತಿರುಗಿ ನೋಡಿದರೆ ಮತ್ತೊಬ್ಬಳು ತನ್ನ ಮೊಟ್ಟೆಯನ್ನು ಇವಳ ರೆಕ್ಕೆಯಡಿಗೆ ತಳ್ಳುತ್ತಿದ್ದಳು.

"ಹಾಗಾದರೆ ಕಾವು ಕೂರುವವರು ಯಾರು?" ಎಂದಳು ಯಜಮಾನಿ.

"ಅದು ನಮ್ಮಂಥವರು ಮಾಡುವ ಕೆಲಸವೇ, ಅಮ್ಮಾ?" ಎಂದವು ಉಳಿದವೆಲ್ಲ.

ಮೊಟ್ಟೆಗಳು ತಣ್ಣಗಾಗತೊಡಗಿದವು. ಯಜಮಾನಿ ಬಿರುಕಿನಿಂದ ಕತ್ತು ಹೊರಚಾಚಿ, ಅದೇ ಇಂಪಾದ ಕಂಠದಲ್ಲಿ, ಜನ್ಮದಲ್ಲೇ ಮೊದಲ ಸಲ "ಕಾ, ಕಾ" ಎಂದು ಕೂಗಿದಳು.