ರೋವೆನಾ ಮನೆ ಮಗಳಾದದ್ದು

ದುಬೈನಲ್ಲಿ ವಾರಿಜಾ ಮೇಡಂ ಅಂತ ಒಬ್ಬರು. ಅವರ ಮನೆಗೆಲಸಕ್ಕೆ ಫಿಲಿಪೀನ್ಸ್‌ನಿಂದ ಬಂದವಳು ರೋವೆನಾ. ಅಡುಗೆಮನೆಯಲ್ಲೇ ಕನ್ನಡ ಕಲಿತಿದ್ದಳು. ಅವಳು ವಾರದ ರಜೆ ಕೇಳಿದಾಗಲೆಲ್ಲ ಮೇಡಂಗೆ ಕಣ್ಣು ತುಂಬಿ ಬರುತ್ತಿತ್ತು.

"ರಜೆ ಕೆಲಸದವರಿಗೆ ಕಣೇ. ನೀನು ನಮ್ಮ ಮನೆ ಮಗಳು!"

ಕನ್ನಡ ಸಂಘದ ಹೆಂಗಸರು ಊಟಕ್ಕೆ ಬಂದಾಗಲೂ ಅದೇ ಮಾತು. ರೋವೆನಾ ಎಲ್ಲರೆದುರೇ ಮೇಡಂ ಕೈ ಹಿಡಿದು ಹಣೆಗೊತ್ತಿಕೊಂಡಳು.

"ನಮ್ಮೂರಲ್ಲಿ ಮಕ್ಕಳು ತಾಯಿಗೆ ಹೀಗೇ ನಮಸ್ಕಾರ ಮಾಡೋದು, ಅಮ್ಮಾ."

ಹೆಂಗಸರು ಚಪ್ಪಾಳೆ ತಟ್ಟಿದರು. ಮೇಡಂ ಉಬ್ಬಿಹೋದರು.

ಮರುದಿನ ಬಿಸಿಲೇರಿದರೂ ಸ್ಟವ್ ಹೊತ್ತಲಿಲ್ಲ. ಮೇಡಂ ಹೋಗಿ ರೋವೆನಾಳ ಬಾಗಿಲು ಬಡಿದರು.

"ಏನೇ, ಕಾಫಿ ಎಲ್ಲಿ?"

ಹೊದಿಕೆಯೊಳಗಿಂದ ದನಿ ಬಂತು. "ನಂಗೂ ಒಂದು ಲೋಟ ತನ್ನಿ ಅಮ್ಮಾ. ಸಕ್ಕರೆ ಜಾಸ್ತಿ."

"ತಲೆ ಕೆಟ್ಟಿದೆಯಾ ನಿಂಗೆ?"

"ನಿಮ್ಮ ರಿಷಿಕಾ ಎದ್ದಳಾ? ಅವಳು ಎದ್ದ ಮೇಲೆ ನಾನೂ ಏಳ್ತೀನಿ. ಹೆಣ್ಣುಮಕ್ಕಳಲ್ಲಿ ಭೇದ ಮಾಡಬಾರದಮ್ಮಾ."

ಪಕ್ಕದ ಕೋಣೆಯಿಂದ ಹೆತ್ತ ಮಗಳ ಗೊರಕೆ ಕೇಳುತ್ತಿತ್ತು. ಮೇಡಂ ಕಿರುಚಿದರು.

"ಭಾನುವಾರ ರಜೆ ತಗೊಂಡು ಸಾಯಿ! ನೀನು ಕೆಲಸದವಳೇ!"

ರೋವೆನಾ ದಿಗ್ಗನೆ ಎದ್ದು ಕೂತಳು. "ಥ್ಯಾಂಕ್ಸ್ ಮೇಡಂ. ಕಾಫಿಗೆ ಸಕ್ಕರೆ ಎಷ್ಟು ಹಾಕಲಿ?"

ಈಗಲೂ ನೆಂಟರೆದುರು ಮೇಡಂ "ಮನೆ ಮಗಳು" ಅಂತ ಶುರು ಮಾಡಿದರೆ ಸಾಕು, ರೋವೆನಾ ದೊಡ್ಡದಾಗಿ ಆಕಳಿಸುತ್ತಾಳೆ.